ಗಟ್ಟಿಮೇಳಕ್ಕೊಂದು ಗಿಡ್ಡ ಟ್ರಂಪೆಟ್

ನಮ್ಮ ಭಾವನಿಗೆ ಕಿವಿಯಿಲ್ಲ ಎಂದರೆ ಯಾರೂ ನಂಬುವುದಿಲ್ಲ. ನೋಡುವುದಕ್ಕೆ ಎರಡಿವೆ, ಕನ್ನಡಕವನ್ನೂ ಅವೇ ಹೊತ್ತಿವೆ! ಸಂಗೀತದ ಮಟ್ಟಿಗೆ ಅವುಗಳ ಉಪಯೋಗ ಅಲ್ಲಿಗೇ ಮುಗಿಯಿತು. ಇಂಥ ಮಹಾನುಭಾವರು ಅರವತ್ತರ ಹೊಸ್ತಿಲಲ್ಲಿ ಪಿಕೋಲೋ ಎಂಬ ಗಿಡ್ಡ ಟ್ರಂಪೆಟ್ ಕಲಿಯಲು ಹೊರಟರು. ಅಮೆರಿಕದ ಪ್ಲೇನೋ ಊರಿನಲ್ಲಿ ಅವರ ಮನೆಯ ಹಿಂದಿನ ಬೀದಿಯಲ್ಲೇ ಮನೆ ಕೊಂಡ ತಪ್ಪಿಗೆ ನಾನೂ ಅನುಭವಿಸಿದೆ.

ಶುರುವಾದದ್ದು ಡ್ಯಾಲಸ್‌ನ ಒಂದು ಮದುವೆಯಲ್ಲಿ. ಪುರೋಹಿತರು "ಗಟ್ಟಿಮೇಳ, ಗಟ್ಟಿಮೇಳ" ಎಂದು ಕೈಯಾಡಿಸಿದರು. ಡಿಜೆ ಫೋನ್ ಒತ್ತಿದ. ವಾಲಗದ ಬದಲು ಕಾರ್ ಇನ್ಶೂರೆನ್ಸಿನ ಜಾಹೀರಾತು ಮೊಳಗಿತು! ವರ ಕಂಗಾಲಾಗಿ ಅದಕ್ಕೇ ತಾಳಿ ಕಟ್ಟಿದ. ನಾವೆಲ್ಲ ನಕ್ಕೆವು, ಭಾವ ನಗಲಿಲ್ಲ. ಅವರ ಒಬ್ಬಳೇ ಮಗಳ ಮದುವೆ ಹೂಸ್ಟನ್ನಿನಲ್ಲಿ ನಿಶ್ಚಯವಾಗಿತ್ತು.

"ನನ್ನ ಮಗಳ ಗಟ್ಟಿಮೇಳ ನಾನೇ ಊದ್ತೀನಿ ಕಣಯ್ಯ," ಎಂದರು.

ಮೈಸೂರಿನಲ್ಲಿ ಬ್ಯಾಂಡು ಕೇಳಿ ಬೆಳೆದವರಂತೆ. ಮೈಸೂರಿನಲ್ಲಿ ಆನೆ ನೋಡಿ ಬೆಳೆದವರೆಲ್ಲ ಅಂಬಾರಿ ಹೊರುತ್ತಾರೆಯೇ? ವಾಲಗದವರನ್ನು ಕರೆಸೋಣ ಎಂದೆ. ಮಗಳ ತಾಳಿಗೆ ಬಾಡಿಗೆ ಉಸಿರು ಬೇಡ ಎಂದರು.

ಅಂಗಡಿಯಲ್ಲಿ ದೊಡ್ಡ ಟ್ರಂಪೆಟ್ಟೂ ಇತ್ತು, ಸಣ್ಣದೂ ಇತ್ತು. ಕಲಿಯುವವರಿಗೆ ಸಣ್ಣದೇ ಸರಿ ಎಂದು ಒಂದು ಮೊಳವೂ ಇಲ್ಲದ ಪಿಕೋಲೋ ಎತ್ತಿಕೊಂಡು ಬಂದರು. ಪಾಠ ಹೇಳುವ ಅಮೆರಿಕನ್ ಮುದುಕ ಹಣೆ ಚಚ್ಚಿಕೊಂಡ. ಎಲ್ಲಕ್ಕಿಂತ ಕಷ್ಟದ್ದು ಇದೇ, ದೊಡ್ಡದರಲ್ಲಿ ವರ್ಷಗಟ್ಟಲೆ ಪಳಗಿದವರೂ ಇದಕ್ಕೆ ಹೆದರುತ್ತಾರೆ ಎಂದು ತಿಳಿಹೇಳಿದ. ಭಾವ ಒಪ್ಪಬೇಕಲ್ಲ! ಮಕ್ಕಳಿಗೆ ಮೊದಲು ಸಣ್ಣ ಸೈಕಲ್ ತಾನೆ ಕೊಡುವುದು ಎಂದು ಅವನಿಗೇ ಪಾಠ ಹೇಳಿ ಬಂದರು.

ವಿಜಯದಶಮಿಯ ದಿನ ಅದಕ್ಕೆ ಧಾರಾಳವಾಗಿ ಅರಿಶಿನ ಕುಂಕುಮ ಏರಿಸಿ, ಕಾಯಿ ಒಡೆದು, ಊದಿದರು. ಬರೀ ಗಾಳಿ ಬಂತು. ಮತ್ತೆ ಊದಿದರು, ಬಾಗಿಲಿಗೆ ಬಾಲ ಸಿಕ್ಕಿಸಿಕೊಂಡ ಬೆಕ್ಕಿನ ದನಿ ಬಂತು. ಅಷ್ಟರಲ್ಲಿ ಕುಂಕುಮ ಒಳಗಿಳಿದು ಗುಂಡಿಗಳೆಲ್ಲ ಕಚ್ಚಿಕೊಂಡವು. ಅದು ರಿಪೇರಿಗೆ ಹೋಗಿದ್ದ ವಾರವೇ ನಮಗೆಲ್ಲ ನಿಜವಾದ ಹಬ್ಬ.

ಅಕ್ಕ ಸಹಿಸುವಷ್ಟು ಸಹಿಸಿದಳು. "ಕುಕ್ಕರ್ ಕೂಗಿದ್ರೆ ಅನ್ನನಾದ್ರೂ ಆಗುತ್ತೆ," ಎಂದು ಕೊನೆಗೆ ಮನೆಯಿಂದಾಚೆ ಅಟ್ಟಿದಳು. ಭಾವ ಲಾಸ್ ಕೊಲಿನಾಸ್‌ನಲ್ಲಿದ್ದ ತಮ್ಮ ಆಫೀಸಿನ ಪಾರ್ಕಿಂಗಿನಲ್ಲಿ, ಕಾರಿನ ಗಾಜು ಏರಿಸಿಕೊಂಡು ಅಭ್ಯಾಸ ಶುರುಮಾಡಿದರು. ಒಂದು ಮಧ್ಯಾಹ್ನ ಸೆಕ್ಯೂರಿಟಿಯವನು ಓಡಿಬಂದು ಗಾಜು ಬಡಿದ. ಈ ಬಿಸಿಲಿನಲ್ಲಿ ಪ್ರಾಣಿಯನ್ನು ಕಾರಿನಲ್ಲಿ ಕೂಡಿಹಾಕುವುದು ಅಪರಾಧವಂತೆ!

ಸುದ್ದಿ ಆಸ್ಟಿನ್‌ನಲ್ಲಿ ಕೆಲಸದಲ್ಲಿದ್ದ ಮಗಳಿಗೂ ಮುಟ್ಟಿತು. ನಾವು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲೇ ಉತ್ತರ ಕೊಟ್ಟು ಬೆಳೆದ ಹುಡುಗಿ ಅವಳು. ಗಂಡಿನ ಕಡೆಯವರೆದುರು ಮಾನ ಹೋಗುತ್ತದೆ, ಹೇಗಾದರೂ ತಪ್ಪಿಸು ಎಂದು ನನಗೆ ಗಂಟುಬಿದ್ದಳು. ಭಾವನನ್ನು ತಡೆಯುವುದು ನನ್ನ ಕೈಲಾಗಲಿಲ್ಲ. ಇಬ್ಬರೂ ಸೇರಿ ಅವರಿಗೆ ತಿಳಿಯದಂತೆ, ಸನ್ನೆ ಮಾಡಿದಾಗ ವಾಲಗದ ರೆಕಾರ್ಡ್ ಹಾಕಲು ಒಬ್ಬ ಡಿಜೆಯನ್ನು ಗೊತ್ತುಮಾಡಿದೆವು.

ಮದುವೆಯ ದಿನ ಬಂತು. ಧಾರೆ ಎರೆದು, ಒದ್ದೆ ಕೈಯನ್ನು ಶಲ್ಯಕ್ಕೆ ಒರೆಸಿಕೊಂಡು ಭಾವ ಟ್ರಂಪೆಟ್ ಎತ್ತಿದರು. ಪುರೋಹಿತರು ಗಟ್ಟಿಮೇಳ ಎಂದರು. ಭಾವ ಊದಿದರು. ಗಾಳಿ. ಮತ್ತೆ ಊದಿದರು. ಅಳು ಒತ್ತರಿಸಿ ಬಂದು ತುಟಿ ನಡುಗುತ್ತಿತ್ತು, ಸ್ವರ ಎಲ್ಲಿಂದ ಹುಟ್ಟೀತು? ಗಂಡಿನ ಕಡೆ ಯಾರೋ ಕಿಸಕ್ಕೆಂದರು. ಮುಹೂರ್ತ ಮೀರುತ್ತದೆಂದು ಪುರೋಹಿತರು ಚಡಪಡಿಸಿದರು. ನಾನು ಡಿಜೆಗೆ ಸನ್ನೆ ಮಾಡಿದೆ.

ಮಗಳು ಕೈಯೆತ್ತಿ ಅವನನ್ನು ತಡೆದಳು. ವರನ ಕೈಯಲ್ಲಿದ್ದ ತಾಳಿಯನ್ನೂ ಹಿಡಿದುಕೊಂಡಳು.

"ನಮ್ಮಪ್ಪ ಊದ್ತಾರೆ. ಎಲ್ಲರೂ ಕಾಯಿರಿ."

ಅಚ್ಚ ಕನ್ನಡದಲ್ಲಿ!

ಭಾವ ಕಣ್ಣೊರೆಸಿಕೊಂಡು ಮತ್ತೆ ತುಟಿಗಿಟ್ಟರು. ಈ ಸಲ ಸ್ವರ ಬಂತು, ಒಂದೇ ಒಂದು. ಸೊಟ್ಟಗಿತ್ತು, ಮಧ್ಯೆ ಒಡೆಯಿತು, ಆದರೂ ಅವರು ಬಿಡಲಿಲ್ಲ. ಮಗಳು ತಾಳಿ ಬಿಟ್ಟು ಕತ್ತು ಬಗ್ಗಿಸಿದಳು. ವರ ಗಂಟು ಹಾಕಿ ಮುಗಿಸುವವರೆಗೂ ಭಾವ ಉಸಿರು ತೆಗೆದುಕೊಳ್ಳಲಿಲ್ಲ. ಈ ಮನುಷ್ಯನೆಂದರೆ ನನಗೆ ಇಷ್ಟೊಂದು ಪ್ರೀತಿ ಎಂದು ಅಲ್ಲಿಯವರೆಗೆ ನನಗೇ ಗೊತ್ತಿರಲಿಲ್ಲ. ಕೈಯಲ್ಲಿದ್ದ ಅಕ್ಷತೆಯನ್ನು ಮಗಳ ಮೇಲೆ ಹಾಕುವ ಮೊದಲು ಅವರ ತಲೆಯ ಮೇಲೆ ಹಾಕಿದೆ.