ಕಾಕಾನ ಅಲಗಿಗೆ ನಾ ಹಚ್ಚಿದ ನೀಲಿ

ಉಕ್ಕಿಗೂ ಸಾವು ಅನ್ನೋದು ಇರತೈತಿ ಅಂತ ನನಗ ಗೊತ್ತಿರಲಿಲ್ರಿ. ತಿಕೋಟಾದ ನಮ್ಮ ಕಾಕಾನ ಕಟಿಗಿ ಹೆರಿಯೋ ರಂದಾದ ಅಲಗನ್ನ ನನ್ನ ಕೈಯಾರೆ ಕೊಂದ ಮ್ಯಾಲೇ ಗೊತ್ತಾತು!

ಕಾಕಾ ಬಡಿಗ ಅಂತ ಊರೆಲ್ಲಾ ಅಂತಿತ್ತು. ಶುದ್ಧ ಸುಳ್ಳು! ಅಂವ ಕಟಿಗಿ ಮುಟ್ಟಿದ್ದು ನಾ ನೋಡೇ ಇಲ್ಲ. ಮಾಡತಿದ್ದದ್ದು ಒಂದ ಕೆಲಸ, ಮಸಿಯೋದು. ಮುಂಜಾನೆ ಹಲ್ಲು ತಿಕ್ಕೋಕಿಂತ ಮೊದಲ ಉಳಿ ತಿಕ್ಕಾಂವ. ಮಸದು ಮಸದು ಗೇಣುದ್ದದ ಉಳಿ ಹೆಬ್ಬೆಟ್ಟಿನಷ್ಟ ಆಗಿದ್ವು. ಧಾರ ನೋಡಾಕ ಎಡಗೈ ಕೂದಲಾ ಬೋಳಸಾಂವ. ಆ ಕೈ ಬದನಿಕಾಯಿ ಹಂಗ ಮಿಂಚಾಕ ಹತ್ತಿದ ಮ್ಯಾಲೆ ಗಿರಾಕಿಗೋಳ ಕೈ ಹಿಡ್ಯಾಕ ಶುರು ಮಾಡಿದ! ಒಮ್ಮೆ ಮಂಚಾ ಮಾಡಿಸಾಕ ಬಂದ ತೊರವಿ ಗೌಡ್ರ ಪಾಳಿ.

"ಲೇ, ಏನ ಮಾಡಾಕತ್ತಿಯೋ?"

"ಅಳ್ಳಾಡಬ್ಯಾಡ್ರಿ ಗೌಡ್ರ. ನುಣ್ಣಗ ಅನಸಾಕತ್ತೈತಿಲ್ಲ?"

"ಅನಸಾಕತ್ತೈತಿ. ಮಂಚಾ ಎಲ್ಲೈತಿ?"

"ಇಂಥಾ ಧಾರ ಬಂದ ಮ್ಯಾಲೆ ಮಂಚದ್ದೇನ್ರೀ, ತಾನ ಅಕ್ಕೈತಿ!"

ಇಂಥಾ ಪುಣ್ಯಾತ್ಮಗ ನಾ ತೊಟ್ಟಿಲಾ ಒಪ್ಪಿಸಿದ್ದೆ. ನನ್ನ ತಂಗಿ ಬಾಣಂತನಕ್ಕ ವಿಜಾಪುರಕ್ಕ ನಮ್ಮನಿಗೆ ಬಂದಿದ್ಲು. ಕೂಸು ಹೆಣ್ಣು. ಆಕಿ ತಿರುಗಿ ಬಬಲೇಶ್ವರಕ್ಕ ಗಂಡನ ಮನಿಗೆ ಹೋಗುವಾಗ ಕೂಸಿಗೆ ತೊಟ್ಟಿಲಾ ಸೋದರಮಾವ ಕೊಡಬೇಕು, ನಮ್ಮ ಮನಿತನದ ಪದ್ಧತಿ. ಸೋದರಮಾವ ಅಂದ್ರ ಯಾರು? ಬಡಿಗೇರ ಮನ್ಯಾಗ ಹುಟ್ಟಿ, ಬೆಲ್ ಬಾಟಮ್ ಹಾಕ್ಕೊಂಡು ಅರಿವಿ ಅಂಗಡ್ಯಾಗ ಗಜಾ ಹಿಡಕೊಂಡು ನಿಂತ ಈ ಶಾಣ್ಯಾ! ಸೋಮವಾರ ತಂಗಿ ಹೊರಡಬೇಕು. ತೊಟ್ಟಿಲಾ ಇಲ್ಲದ ಹೋದ್ರ ಆಕಿ ಅತ್ತಿ ಬಾಯಿ ಮುಂದ ಕಾಕಾನ ಉಳಿ ಏನೂ ಅಲ್ಲ.

ತಿಕೋಟಾಕ್ಕ ಓಡಿದೆ. ಹಲಗಿ ಗ್ವಾಡಿಗೆ ಆನಿಸಿದ್ದು ಆನಿಸಿದಂಗ ಅದಾವ. ಕಾಕಾ ಮಸ್ಯಾಕತ್ತಾನ!

"ಕಾಕಾ, ಇನ್ನೂ ಎಷ್ಟ ಮಸೀತಿಯೋ?"

"ಎಳೀ ಕೂಸಲೇ ಅದು. ಒಂದು ಸಿಬರು ಎದ್ರೂ ಚುಚ್ಚತೈತಿ."

ಅಂವ ಉಣ್ಣಾಕ ಒಳಗ ಹೋದದ್ದ ತಡಾ, ರಂದಾದಾಗಿನ ಅಲಗು ಬಿಚ್ಚಿ ಕಿಸೆದಾಗ ಹಾಕ್ಕೊಂಡು ಸಂತಿಗೆ ಓಡಿದೆ. ಅರ್ಧ ದಾರ್ಯಾಗ ಕಿಸೆ ಹರದು ಅಲಗು ಬೆಲ್ ಬಾಟಮ್‌ನಾಗಿಂದ ಪಾದದ ಹತ್ರ ಇಳೀತು. ಬೆರಳು ಉಳದದ್ದ ದೊಡ್ಡದು! ಸಂತ್ಯಾಗ ಸೈಕಲ್ ತುಳದು ಚೂರಿ-ಕತ್ತರಿಗೆ ಸಾಣಿ ಹಿಡಿಯಾಂವ ಒಬ್ಬ ಇದ್ದ.

"ಜೋರ ಒತ್ತಪಾ, ಅವಸರ ಐತಿ!" ಅಂದೆ.

ಒತ್ತಿದ. ಕಿಡಿ ಅಂದ್ರ ಕಿಡಿ! ಅಲಗಿನ ಬಾಯಿ ನವಿಲಿನ ಕುತಗಿ ಹಂಗ ನೀಲಿ ಆತು. ಎಷ್ಟ ಚಂದ ಅಂತ ದಾರ್ಯಾಗಿನ ಮಂದಿಗೆಲ್ಲಾ ತೋರಿಸಿಕೋತ ಬಂದೆ.

ಕಾಕಾ ನೋಡಿದ. ತಲಿಮ್ಯಾಗಿನ ಟೊಪಗಿ ತಗದ.

"ಸತ್ತೈತಿ."

"ಯಾರು?" ನಾ ಗಾಬರಿ.

"ಇದಾ. ನೀರು ಮುಟ್ಟಿಸದ ಒತ್ಯಾರ. ಕಾವು ಹೆಚ್ಚಾಗಿ ಉಕ್ಕು ಮೆತ್ತಗ ಆಗೈತಿ. ಇದರಲೆ ಬೆಣ್ಣಿ ಕೊಯ್ಬಹುದು. ಬೆಣ್ಣಿ ಭಾಳ ಗಟ್ಟಿ ಇರಬಾರದು, ಅಷ್ಟ."

"ಈಗ ಏನ ಮಾಡೂದು?"

"ನೀಲಿ ಇದ್ದಷ್ಟು ಉಕ್ಕು ಕಲ್ಲಿಗೆ ತೀಡಿ ತಗೀಬೇಕು. ಕೈಲೆ. ನಿನ್ನ ಕೈಲೆ."

ಅರಿವಿ ಅಂಗಡಿಗೆ ಚಕ್ಕರ್ ಹೊಡದು, ಕಾಕಾನ ಮನ್ಯಾಗ ಕುಂತು ತೀಡಿದೆ. ಮೊದಲನೇ ದಿನ ಧಾರ ಡೊಂಕಾತು. "ಇದು ಅಲಗೋ, ಹುಣಸಿಕಾಯೋ?" ಅಂದ ಕಾಕಾ. ಮರುದಿನ ನೆಟ್ಟಗ ಆತು, ಆದ್ರ ನನ್ನ ಸೊಂಟ ಡೊಂಕಾತು. ಉಣ್ಣಾಕ ಕುಂತ್ರೂ ಕೈ ತಾನ ರೊಟ್ಟಿನ ತಾಟಿಗೆ ತೀಡತಿತ್ತು! ಶನಿವಾರ ನೀಲಿ ಹೋತು. ಕಾಕಾ ನನ್ನ ಎಡಗೈ ಹಿಡದು ಅಲಗು ಎಳದ. ಕೂದಲಾ ಉದರಿದ್ವು. ಅಂವ ನಕ್ಕ. ಯಪ್ಪಾ, ಬೋಳಾದ ಕೈ ನೋಡಿ ಅಷ್ಟು ಬೀಗಿದ ಗಂಡಸು ಇಡೀ ಜಿಲ್ಹಾದಾಗ ನಾ ಒಬ್ಬನ!

ರಂದಾ ಹಲಗಿ ಮ್ಯಾಲೆ ಹರೀತು ನೋಡ್ರಿ, ಉಳ್ಳಾಗಡ್ಡಿ ಸಿಪ್ಪಿಯಂಥಾ ಸುರಳಿ ಹಾರಿ ಬಂದ್ವು. ರವಿವಾರ ಸಂಜಿಕ ತೊಟ್ಟಿಲಾ ನಿಂತಿತ್ತು! ಕಾಕಾ ಬಡಿಗ ಅಂತ ಆವತ್ತ ನಂಬಿದೆ.

ಸೋಮವಾರ ಬಸ್ಸಿನ ತಲಿಮ್ಯಾಲೆ ತೊಟ್ಟಿಲಾ ಬಬಲೇಶ್ವರ ಸೇರಿತು. ತಂಗಿಯ ಅತ್ತಿ ಮೂಲಿ ಮೂಲಿಗೂ ಕೈ ಆಡಿಸಿದ್ರು. ಸಿಬರು ಎಲ್ಲೂ ಸಿಗಲಿಲ್ಲ. ಕಡೀಕ ಅಂದ್ರು, "ಎಷ್ಟ ನುಣ್ಣಗ ಮಾಡ್ಯಾರವಾ, ಕೂಸು ಜಾರಿಗೀರಿ ಬಿದ್ದೀತು!"

ಈ ಸುದ್ದಿ ಹೇಳಾಕ ತಿಕೋಟಾಕ್ಕ ಹೋದ್ರ ಕಾಕಾ ಮನ್ಯಾಗ ಇರಲಿಲ್ಲ. ಚಿಗವ್ವ ಚಾ ಕೊಟ್ಟು, ನನ್ನ ಬೊಬ್ಬಿ ಎದ್ದ ಅಂಗೈ ಹಿಡದು ನೋಡಿ, ಮೆಲ್ಲಕ ಅಂದ್ಲು:

"ಪೆಟಗ್ಯಾಗ ಇನ್ನೊಂದು ಅಲಗು ಇತ್ತೋ ತಮ್ಮಾ. ಮಸದು, ಎಣ್ಣಿ ಹಚ್ಚಿ ಇಟ್ಟದ್ದು."

"ಆಂ! ಮತ್ತ ನನ್ನ ಕೈ ಯಾಕ ಹರಿಸಿದ?"

"ನಾನೂ ಕೇಳಿದೆ. 'ತೊಟ್ಟಿಲಾ ಕೊಡೂದು ಸೋದರಮಾವ. ಬರೇ ನನ್ನ ಕೈಲೆ ಆದ್ರ ಅದು ನನ್ನ ತೊಟ್ಟಿಲಾ ಆದೀತು. ಆ ಹುಡುಗಿ ದೊಡ್ಡಾಕಿ ಆಗಿ, ಮಾವಾ ಇದರಾಗ ನೀ ಏನ ಮಾಡಿದ್ದಿ ಅಂತ ಕೇಳಿದ್ರ, ನಮ್ಮ ಹುಡುಗ ತಲಿ ತಗ್ಗಿಸಬಾರದು' ಅಂದಾ."