ಮಾವನ ಪಿಟೀಲಿಗೆ ಗಿರಣಿಯ ಶ್ರುತಿ

ನಮ್ಮ ಮಾವ ಪಿಟೀಲು ನುಡಿಸಿದರೆ ಓಣಿಯ ಮನೆಮನೆಯಲ್ಲೂ ರೊಟ್ಟಿ ಬಿರಿಯುತ್ತಿದ್ದವು! ನಂಬುವುದಿಲ್ಲವೇ? ಬೇಡ, ನಂಬಬೇಡಿ. ಆ ರೊಟ್ಟಿ ತಿಂದವನು ನಾನು, ನೀವಲ್ಲ.

ಹಗರಿಬೊಮ್ಮನಹಳ್ಳಿಯಲ್ಲಿ ಅವನದೊಂದು ಹಿಟ್ಟಿನ ಗಿರಣಿ. ತೊಂಬತ್ತರ ದಶಕದ ಕೊನೆಯ ದಿನಗಳು. ಆ ಊರಿಗೆ ನೌಕರಿಗೆಂದು ಬಂದ ನಾನು ಗಿರಣಿಗೆ ಅಂಟಿಕೊಂಡಿದ್ದ ಅವನ ಮನೆಯಲ್ಲೇ ಉಳಿದಿದ್ದೆ. ಹುಡುಗನಾಗಿದ್ದಾಗ ಮಾವ ಬಸವಣ್ಣನ ಗುಡಿಯ ಭಜನೆಯಲ್ಲಿ ಪಿಟೀಲು ನುಡಿಸುತ್ತಿದ್ದನಂತೆ. ಅವನಪ್ಪ ತೀರಿಕೊಂಡು ಗಿರಣಿ ಕೊರಳಿಗೆ ಬಿದ್ದಾಗ ಪಿಟೀಲನ್ನು ಗೋಡೆಯ ಗೂಟಕ್ಕೆ ತೂಗುಹಾಕಿದ. ಅತ್ತೆ ಈ ಮನೆ ತುಂಬಿದ್ದು ಅದಾದ ಮೇಲೆ. ಅವಳ ಪಾಲಿಗೆ ಬಂದದ್ದು ಗಿರಣಿಯ ಸದ್ದು ಮಾತ್ರ.

ಐವತ್ತು ದಾಟಿದ ಮನುಷ್ಯ ಒಂದು ದಿನ ಅದನ್ನು ಗೂಟದಿಂದ ಇಳಿಸಿದ್ದು ಯಾಕೆ? ನಾನು ಕೇಳಿದಾಗಲೆಲ್ಲ ಬೇರೆ ಬೇರೆ ಕಾರಣ ಹೇಳಿದ. ಇಲಿ ಕಡಿಯುತ್ತಿತ್ತು ಎಂದ. ಬೆರಳು ಜೋಮು ಹಿಡಿಯುತ್ತಿದ್ದವು ಎಂದ. ಒಮ್ಮೆಯಂತೂ, "ಅದು ನನ್ನ ನೋಡಾಕತ್ತಿತ್ತು" ಎಂದ! ಇದರಲ್ಲಿ ಒಂದನ್ನು ಆರಿಸಿಕೊಂಡು ಕಥೆ ಕಟ್ಟುವುದು ಸುಲಭ. ನಾನು ಕಟ್ಟುವುದಿಲ್ಲ.

ಮೊದಲು ಪಡಸಾಲೆಯಲ್ಲಿ ನುಡಿಸಿದ. ಅತ್ತೆ ಲಟ್ಟಣಿಗೆ ಹಿಡಿದು ಬಂದಳು.

"ಏನ್ರಿ, ಬೆಕ್ಕು ಕದದಾಗ ಸಿಕ್ಕೊಂಡೈತೇನ್ ನೋಡ್ರಿ."

"ಬೆಕ್ಕಲ್ಲಲೇ, ಇದು ಕೀರ್ತನಿ."

"ಹಂಗಾರ ಅದನ್ನ ಹೊರಗ ಬಿಡ್ರಿ, ಪಾಪ!"

ಮಾವ ಪಿಟೀಲು ಎತ್ತಿಕೊಂಡು ಗಿರಣಿಗೆ ಹೋದ. ಅನಾಹುತ ಶುರುವಾದದ್ದು ಅಲ್ಲಿ. ಗಿರಣಿಯ ಮೋಟರು 'ಗೂಂ' ಎನ್ನುತ್ತಿತ್ತಲ್ಲ, ಅದಕ್ಕೇ ತಂತಿ ಬಿಗಿದ! ಬೇರೆಯವರಿಗೆ ತಂಬೂರಿ, ಇವನಿಗೆ ಐದು ಎಚ್.ಪಿ. ಮೋಟರು. ತ್ರೀ ಫೇಸ್ ಕರೆಂಟು ಬಂದ ಕೂಡಲೇ ಊರಿನವರು ಪಂಪ್‌ಸೆಟ್ಟಿನ ಕಡೆ ಓಡಿದರೆ ಇವನು ಪಿಟೀಲಿನ ಕಡೆ ಓಡುತ್ತಿದ್ದ.

ಅದರಿಂದ ರೊಟ್ಟಿಗೇನು ಎಂದು ಕೇಳುತ್ತೀರಿ. ಕೇಳಿ. ಕಾಳು ಮುಗಿದರೆ ಬರಿಗಲ್ಲು ತಿರುಗಿ ಕಿರ್ರೆನ್ನುತ್ತದೆ, ಶ್ರುತಿ ಕೆಡುತ್ತದೆ. ಹಾಡಿನ್ನೂ ಅರ್ಧದಲ್ಲಿದೆ. ಈ ಪುಣ್ಯಾತ್ಮ ಏನು ಮಾಡಬೇಕು? ಬೀಸಿದ ಹಿಟ್ಟನ್ನೇ ಬೊಗಸೆಯಲ್ಲಿ ತುಂಬಿ ಮತ್ತೆ ಗಿರಣಿಯ ಬಾಯಿಗೆ ಸುರಿಯುತ್ತಿದ್ದ! ಎರಡೆರಡು ಸಲ ಬೀಸಿದ ಜೋಳದ ಹಿಟ್ಟು ಕಾದು, ಜಿಗಿ ಕಳೆದುಕೊಂಡು, ರೊಟ್ಟಿ ತಟ್ಟಿದರೆ ಕೆರೆಯ ತಳದಂತೆ ಬಿರಿಯುತ್ತಿತ್ತು.

ಹಿಂದಿನ ಓಣಿಯ ಖಾಲಾ, ಓಣಿಗೆಲ್ಲ ಚಿಕ್ಕಮ್ಮನಂಥವರು, ಒಂದು ದಿನ ಡಬ್ಬಿ ಸಮೇತ ಬಂದರು.

"ಯಜಮಾನ್ರ, ಜ್ವಾಳ ಕೊಟ್ರ ಬೂದಿ ಕೊಟ್ಟೀರಲ್ರಿ!"

"ಚರಣ ಮುಗಿದಿರಲಿಲ್ಲವ್ವ. ನಡುವ ಹೆಂಗ ನಿಂದರ್ಸಲಿ?"

"ನನ್ನ ಹಿಟ್ಟಿಗೆ ಚರಣ ಯಾಕ ಬೇಕ್ರಿ?"

ನ್ಯಾಯವಾದ ಪ್ರಶ್ನೆ! ಗಿರಾಕಿಗಳು ಕರಗಿದರು. ಕೊನೆಗೆ ಅತ್ತೆಯೇ ಜೋಳದ ಡಬ್ಬಿ ತಲೆಯ ಮೇಲಿಟ್ಟುಕೊಂಡು, ಹಾಡುಹಗಲೇ, ಎಲ್ಲರೂ ನೋಡಲೆಂದೇ ಬಜಾರಿನ ಇನ್ನೊಂದು ಗಿರಣಿಗೆ ನಡೆದಳು. ಗಿರಣಿಯ ಒಡತಿ! ಮಾವನಿಗೆ ನಾಚಿಕೆಯಾಗಬೇಡವೇ? "ಅಲ್ಲಿಗೆ ಹೋಗಬ್ಯಾಡಲೇ," ಎಂದು ಬಾಗಿಲಿನಿಂದ ಕೂಗಿದ, "ಆ ಮೋಟರು ಅಪಸ್ವರ ಐತಿ!"

ಬೇಸಿಗೆಯಲ್ಲಿ ವೋಲ್ಟೇಜು ಇಳಿದರೆ ಮೋಟರಿನ ದನಿ ಇಳಿಯುತ್ತಿತ್ತು, ಅದರ ಹಿಂದೆ ಪಿಟೀಲೂ ಇಳಿಯುತ್ತಿತ್ತು. ಮಂಗಳಾರತಿಯ ಹಾಡು ಹೆಣದ ಮುಂದಿನ ಹಾಡಾಗುತ್ತಿತ್ತು. ಕರೆಂಟು ಹೋದರೋ, ಪಿಟೀಲಿನ ಕಮಾನು ಗಾಳಿಯಲ್ಲೇ ನಿಲ್ಲುತ್ತಿತ್ತು. ಮೈಯೆಲ್ಲ ಹಿಟ್ಟು ಮೆತ್ತಿಕೊಂಡು ಸುಣ್ಣ ಬಳಿದ ವಿಗ್ರಹದಂತೆ ಕೂತಿರುತ್ತಿದ್ದ.

"ಹಂಗ ನುಡಸ್ರಿ ಮಾವಾ, ಮೋಟರ್ ಯಾಕ ಬೇಕು?" ಎಂದು ರೇಗಿದೆ.

"ಕಾಲ ಕೆಳಗಿನ ನೆಲ ಹೋದಂಗ ಆಗತೈತಲೇ" ಎಂದ. ಆಗ ಅವನು ನಗುತ್ತಿರಲಿಲ್ಲ.

ಅಷ್ಟರಲ್ಲಿ ಭಜನೆಯವರು ಬಂದರು. ಅವರ ಹಾರ್ಮೋನಿಯಂ ಮೇಷ್ಟ್ರು ಪೆಟ್ಟಿಗೆ ಸಮೇತ ಹರಪನಹಳ್ಳಿಯ ಮಗಳ ಮನೆಗೆ ಹೋಗಿದ್ದರು. ಶ್ರಾವಣ ಸೋಮವಾರ ಪಿಟೀಲು ಹಿಡಿದು ಬರುತ್ತೀರಾ ಎಂದು ಕೇಳಿದರು. ಅಪ್ಪ ಸತ್ತಾಗ ಬಿಟ್ಟೆದ್ದ ಜಾಗಕ್ಕೆ ಮತ್ತೆ ಕರೆ! ಮಾವ ಹೂಂ ಎಂದುಬಿಟ್ಟ. ಆಮೇಲೆ ಹೊಳೆಯಿತು: ಗುಡಿಯಲ್ಲಿ ಗಿರಣಿ ಇಲ್ಲ. ಮೋಟರನ್ನು ಬಂಡಿಯಲ್ಲಿ ಒಯ್ಯಬಹುದೇ ಎಂದು ಮೆಕ್ಯಾನಿಕ್ ಸಾಬರನ್ನು ವಿಚಾರಿಸಿದ.

"ಮೋಟರ್ ಬರತೈತ್ರಿ," ಎಂದರು ಸಾಬರು, "ಗುಡ್ಯಾಗ ತ್ರೀ ಫೇಸ್ ಎಲ್ಲೈತಿ?"

"ಊರ ಮುಂದ ನಗಿಪಾಟ್ಲ ಆಗಾಕ ಹೊಂಟಾರ" ಎಂದು ಅತ್ತೆ ಇಡೀ ವಾರ ಪಾತ್ರೆ ಕುಕ್ಕಿದಳು. ಆದರೆ ಸೋಮವಾರ ಸಂಜೆ ಎಲ್ಲರಿಗಿಂತ ಮುಂಚೆ ಸೀರೆ ಬದಲಿಸಿ ನಿಂತಿದ್ದವಳೂ ಅವಳೇ.

ಗುಡಿಯಲ್ಲಿ ಮಾವ ಕಮಾನು ಎಳೆದ. ತಾಳ ಒಂದು ಕಡೆ, ಪಿಟೀಲು ಇನ್ನೊಂದು ಕಡೆ. ಸ್ವರ ಜಾರಿತು, ಹುಡುಕಿದ, ಮತ್ತೆ ಜಾರಿತು. ಹಿಂದೆ ಯಾರೋ ಕಿಸಕ್ಕೆಂದರು. ಕಮಾನು ಗಾಳಿಯಲ್ಲಿ ನಿಂತಿತು, ಕರೆಂಟು ಹೋದಾಗಿನ ಹಾಗೆಯೇ. ಆದರೆ ಇಲ್ಲಿ ಬರಬೇಕಾದ ಕರೆಂಟು ಯಾವುದೂ ಇರಲಿಲ್ಲ.

ಆಗ ಕಂಬದ ಆಚೆಯಿಂದ ಒಂದು 'ಊಂ' ಎದ್ದಿತು.

ಗಿರಣಿಯ ಸಾಲಿನಲ್ಲಿ ನಿಲ್ಲುತ್ತಿದ್ದ ಹೆಂಗಸರೆಲ್ಲ ಅದಕ್ಕೆ ದನಿಗೂಡಿಸಿದರು ಎಂದು ಬರೆಯಲು ಕೈ ತುಡಿಯುತ್ತಿದೆ. ನೆನಪೂ ಹಾಗೇ ಹೇಳಿಕೊಡುತ್ತಿದೆ. ಸುಳ್ಳು! ಅತ್ತೆಯೊಬ್ಬಳೇ. ಅದೂ ಸೆರಗು ಬಾಯಿಗೆ ಅಡ್ಡ ಹಿಡಿದು, ಹುಬ್ಬು ಗಂಟಿಕ್ಕಿಕೊಂಡು. ಮದುವೆಯಾದ ದಿನದಿಂದ ಗೋಡೆಯ ಈಚೆ ಕೂತು ಕೇಳಿದ ಆ ಸದ್ದು ಅವಳ ಗಂಟಲಿನಲ್ಲಿ ಒಂದಿಷ್ಟೂ ಏರುಪೇರಿಲ್ಲದೆ ಕೂತಿತ್ತು.

ಮಾವ ತಿರುಗಿ ನೋಡಲಿಲ್ಲ. ಕಮಾನು ಇಳಿಯಿತು. ಅವಳು ಉಸಿರೆಳೆದುಕೊಳ್ಳಲು ನಿಂತರೆ ಅವನೂ ನಿಂತ, ಅವಳು ಹಿಡಿದರೆ ಅವನೂ ಹಿಡಿದ. ಹಾಡು ಕುಂಟುತ್ತಾ ಕೊನೆ ಮುಟ್ಟಿತು. ಚೆನ್ನಾಗಿತ್ತೇ? ಇರಲಿಲ್ಲ.

ಮರುದಿನ ಜೋಳದ ಡಬ್ಬಿ ಬಜಾರಿಗೆ ಹೋಗಲಿಲ್ಲ, ಮಾವನ ಗಿರಣಿಗೇ ಹೋಯಿತು. ಮಧ್ಯಾಹ್ನ ಅತ್ತೆ ತಟ್ಟೆಗೆ ಹಾಕಿದ ರೊಟ್ಟಿ ಮತ್ತೆ ಮೊದಲಿನ ಹಾಗೆ, ಅಂಚಿನಿಂದ ಅಂಚಿಗೆ ಬಿರಿದಿತ್ತು. ಬೈಯಲೆಂದು ಬಾಯಿ ತೆರೆದವನು ಅವಳ ಮುಖ ನೋಡಿದೆ, ಇನ್ನೊಂದು ಹಾಕಿಸಿಕೊಂಡೆ.