ಮದೀನತ್ ಖಲೀಫಾದಲ್ಲಿ ಮೈಸೂರು ಅಳೆದ ಭಾವ

ಮೈಸೂರಿಗೆ ಕಾಲಿಡದೆಯೇ ಮೈಸೂರಿನ ಅರ್ಧ ಬಡಾವಣೆಗಳನ್ನು ಕಾಲ್ನಡಿಗೆಯಲ್ಲಿ ಸುತ್ತಿದ ಮಹಾನುಭಾವರೊಬ್ಬರು ಕತಾರಿನಲ್ಲಿದ್ದಾರೆಂದರೆ ನಂಬುತ್ತೀರಾ? ನಂಬಲೇಬೇಕು, ಅವರು ನನ್ನ ಅಕ್ಕನ ಗಂಡ! ಹೆಸರು ಬರೆದರೆ ಅಕ್ಕ ನನಗೆ ಮೀನುಸಾರು ಬಡಿಸುವುದಿಲ್ಲ. ಭಾವ ಎಂದಷ್ಟೇ ಇಟ್ಟುಕೊಳ್ಳಿ.

ಭಾವ ಕಟ್ಟಡ ಕಂಪನಿಯೊಂದರಲ್ಲಿ ಸರ್ವೇಯರ್. ಅಳೆಯದೆ ಏನನ್ನೂ ನಂಬುವವರಲ್ಲ. ಮನೆ ಹುಡುಕುವ ವಿಷಯದಲ್ಲಂತೂ ಕೇಳಲೇಬೇಡಿ! ಮೊದಲು ದೋಹಾದ ವಿಮಾನ ನಿಲ್ದಾಣದ ಹತ್ತಿರ ಅಲ್ ಥುಮಾಮಾದಲ್ಲಿ ಮನೆ ಹಿಡಿದರು. ತಲೆಯ ಮೇಲೇ ವಿಮಾನಗಳು. "ಊರಿಗೆ ಹೋಗುವ ವಿಮಾನ ದಿನಾ ಕಾಣ್ತದೆ, ಖುಷಿ ಅಲ್ವಾ?" ಎಂದರು. ಆರು ತಿಂಗಳಿಗೆ ಅಕ್ಕ "ನಾನು ಅದರಲ್ಲೇ ಹೋಗ್ತೇನೆ" ಎಂದು ಸೂಟ್‌ಕೇಸ್ ಕೆಳಗಿಳಿಸಿದಳು. ಮರುವಾರವೇ ವಿಮಾನದ ಸದ್ದಿಲ್ಲದ ಮದೀನತ್ ಖಲೀಫಾದಲ್ಲಿ ಹಾಲು ಉಕ್ಕಿಸಿದ್ದಾಯಿತು.

ಈ ವರ್ಷ ಅವರ ಒಬ್ಬಳೇ ಮಗಳು ಇತಿಹಾಸ ಎಂ.ಎ. ಓದಲು ಮೈಸೂರಿಗೆ ಹೊರಡುವುದೆಂದಾಯಿತು. ಹೋಗುವುದು ಆಗಸ್ಟಿನಲ್ಲಿ. ದೋಹಾದಲ್ಲೇ ಹುಟ್ಟಿ ಬೆಳೆದ ಹುಡುಗಿ ಯಾವ ಬಡಾವಣೆಯಲ್ಲಿ ಇರಬೇಕು? ಬೇರೆಯವರಾಗಿದ್ದರೆ ನಾಲ್ಕು ಜನರಿಗೆ ಫೋನ್ ಮಾಡುತ್ತಿದ್ದರು. ಭಾವ ಮಾರ್ಚಿನಿಂದಲೇ ಶುರುಮಾಡಿದರು! ಸರಸ್ವತಿಪುರಂನಿಂದ ವಿಶ್ವವಿದ್ಯಾನಿಲಯದ ಗೇಟಿಗೆ ಎಷ್ಟು ದೂರವೆಂದು ನಕ್ಷೆಯಲ್ಲಿ ನೋಡುವುದು. ಶುಕ್ರವಾರ ಬೆಳಿಗ್ಗೆ ಕೋಲಿನ ತುದಿಗೆ ಚಕ್ರವಿರುವ ತಮ್ಮ ಅಳತೆಯ ಸಾಧನ ಉರುಳಿಸುತ್ತಾ ಅಷ್ಟೇ ದೂರ ದೋಹಾದ ಬೀದಿಯಲ್ಲಿ ಮಗಳ ಜೊತೆ ನಡೆಯುವುದು. ಪುಸ್ತಕಗಳ ತೂಕಕ್ಕೆಂದು ಐದು ಕಿಲೋ ಅಕ್ಕಿಯ ಚೀಲ ಬೇರೆ. ಹೊರುವವನು ಯಾರು? ಅದೇ ಕಟ್ಟಡದಲ್ಲಿರುವ ಸೋದರಮಾವನೆಂಬ ಬಡಪಾಯಿ, ಅಂದರೆ ನಾನು!

ಸರಸ್ವತಿಪುರಂ ಒಬ್ಬ ಮಲಯಾಳಿಯ ಚಾ ಅಂಗಡಿಯ ಮುಂದೆ ಮುಗಿಯಿತು. ಭಾವ ಒಂದು ಗುಟುಕು ಕುಡಿದು ಮುಖ ಹಿಂಡಿದರು.

"ಈ ಏರಿಯಾ ಬೇಡ ಮಾರಾಯ. ಚಾ ಸರಿ ಇಲ್ಲ."

"ಭಾವ, ಚಾ ದೋಹಾದ್ದು! ಸರಸ್ವತಿಪುರಂನದ್ದಲ್ಲ!"

"ಆದ್ರೂ ಮನಸ್ಸಿಗೆ ಒಂದು ಸಂಶಯ ಬಂತಲ್ಲ?"

ಮುಂದೆ ಯಾದವಗಿರಿ. ಅದು ಏರಿನ ಜಾಗ, ದೋಹಾವೋ ದೋಸೆಕಲ್ಲಿನಷ್ಟು ಚಪ್ಪಟೆ. ಭಾವ ಬಿಡುವರೇ? ನಮ್ಮ ಕಟ್ಟಡದ ನಾಲ್ಕು ಮಾಳಿಗೆಯ ಮೆಟ್ಟಿಲುಗಳನ್ನು ಮೂರು ಸಲ ಹತ್ತಿಸಿದರು. ವಾಚ್‌ಮನ್ ಓಡಿ ಬಂದು "ಲಿಫ್ಟ್ ಖರಾಬ್ ಹೈ ಕ್ಯಾ ಸಾಬ್?" ಎಂದು ಕೇಳಿದ. ನಾನು ಏದುಸಿರು ಬಿಡುತ್ತಾ ಭಾವನ ಕಡೆಗೆ ಬೆರಳು ತೋರಿಸಿದೆ. ಯಾದವಗಿರಿಯೂ ಬೇಡವಾಯಿತು.

ಹೀಗೇ ಜೂನ್ ಬಂತು. ಬೆಳಿಗ್ಗೆ ಐದಕ್ಕೇ ಬೆವರು ಧಾರಾಕಾರ. ಆವತ್ತು ಜಯಲಕ್ಷ್ಮೀಪುರಂ. ಭಾವ ನೀರು ತರಲು ಅಂಗಡಿಯೊಳಗೆ ಹೋದದ್ದೇ ತಡ, ಚೀಲವನ್ನು ಧೊಪ್ಪನೆ ಕೆಳಗಿಟ್ಟು ಅಕ್ಕನ ಮಗಳ ಮೇಲೆ ರೇಗಿದೆ.

"ನಿನ್ನ ಪಪ್ಪ ರೂಮು ಫಿಕ್ಸ್ ಮಾಡುವುದು ಯಾವಾಗ? ನಾನು ಸತ್ತ ಮೇಲೆಯಾ?"

"ಫಿಕ್ಸ್ ಆಗಿದೆ ಮಾಮ," ಎಂದಳು ಅವಳು ತಣ್ಣಗೆ. "ಒಂಟಿಕೊಪ್ಪಲಲ್ಲಿ. ಪಪ್ಪ ಏಪ್ರಿಲ್‌ನಲ್ಲೇ ಓಕೆ ಹೇಳಿದ್ದಾರೆ. ಮೊನ್ನೆ ಪಪ್ಪನ ಫೋನ್ ಎಂಗೇಜ್ ಇತ್ತು ಅಂತ ಓನರ್ ಆಂಟಿ ನನಗೇ ಕಾಲ್ ಮಾಡಿದ್ರು. ಟೇಬಲ್ ವಿಂಡೋ ಹತ್ರ ಬೇಕಾ ಕೇಳಿದ್ರು."

ನಾನು ಬಾಯಿ ಬಿಟ್ಟುಕೊಂಡು ನಿಂತೆ. "ಮತ್ತೆ ಈ ನಡೆದಾಟ ಎಂತಕ್ಕೆ?"

"ನಾನು ಚಿಕ್ಕವಳಿರುವಾಗ ಪಪ್ಪ ಸೈಟಿಗೆ ಹೋಗುವಾಗ ನನಗೆ ನಿದ್ದೆ, ಬರುವಾಗಲೂ ನಿದ್ದೆ. ಈಗ ಫ್ರೈಡೇ ಎರಡು ಗಂಟೆ ಪೂರ್ತಿ ನನ್ನ ಹತ್ರ ಮಾತಾಡ್ತಾರೆ. ಅವರು ಚಿಕ್ಕವರಿರುವಾಗ ನದಿ ಈಜಿದ್ದು ನನಗೆ ಗೊತ್ತೇ ಇರಲಿಲ್ಲ, ಮಾಮ! ರೂಮಿನ ವಿಷಯ ನನಗೆ ಗೊತ್ತಾಗಿದೆ ಅಂತ ಪಪ್ಪನಿಗೆ ಹೇಳ್ಬೇಡಿ, ಪ್ಲೀಸ್."

ಭಾವ ಮೂರು ಬಾಟಲಿ ನೀರು ಹಿಡಿದು ಬಂದರು. "ಜಯಲಕ್ಷ್ಮೀಪುರಂ ಖಲಾಸ್, ಆಗ್ಲಿಕ್ಕಿಲ್ಲ. ಬರುವ ವಾರ ಬೋಗಾದಿ. ಯಲ್ಲಾ, ನಡೀರಿ!"

"ಬೋಗಾದಿ ದೊಡ್ಡದುಂಟಲ್ವಾ ಪಪ್ಪ?" ಎಂದಳು ಮಗಳು. "ಒಂದು ವಾರ ಸಾಕಾ?"

ಭಾವನ ಮುಖ ಅರಳಿದ್ದನ್ನು ನೀವು ನೋಡಬೇಕಿತ್ತು! "ಹೌದಲ್ಲ ಮಗಾ! ಎರಡು ವಾರ ಬೇಕೇ ಬೇಕು."

ಅವರಿಬ್ಬರೂ ಮಾತಾಡುತ್ತಾ ಮುಂದೆ ಹೊರಟರು. ನಡುವೆ ತೂರಿಕೊಳ್ಳಲು ಮನಸ್ಸಾಗದೆ ನಾನು ಹತ್ತು ಹೆಜ್ಜೆ ಹಿಂದೆಯೇ ಉಳಿದೆ. ಆಗಸ್ಟಿಗೆ ಇನ್ನು ಎಂಟೇ ಶುಕ್ರವಾರ ಇತ್ತು.